ಕೇಳಲು ಕಲಿಯಿರಿ: ಹಾಸ್ಟೆಲಿಗೆ ಹೊರಟ ಮಕ್ಕಳಿಗೆ



ಎಸ್.ಎಸ್.ಎಲ್.ಸಿ. ಮುಗಿಸಿ, ವಸತಿ ಪದವಿಪೂರ್ವ ಕಾಲೇಜಿಗೆ ಹೊರಟು ನಿಂತಿರುವ ನಿಮಗಾಗಿ ಈ ವಾರದ ಮಾತು. ಬಂಟ್ವಾಳದಿಂದ ಮೂಡುಬಿದಿರೆಗೆ, ಮೂಡುಬಿದಿರೆಯಿಂದ ಉಜಿರೆಗೆ, ಬೆಳ್ತಂಗಡಿಯ ಘಟ್ಟದ ಬುಡದ ಊರುಗಳಿಂದ ಮಂಗಳೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಹೆಚ್ಚೆಂದರೆ ಎರಡು ಗಂಟೆ. ಆದರೆ ಹದಿನಾರರ ಪ್ರಾಯದಲ್ಲಿ ಮೊದಲ ಸಲ ಮನೆ ಬಿಟ್ಟು ಬೇರೆ ಸೂರಿನಡಿ ಮಲಗುವವರಿಗೆ ಆ ದಾರಿ ಗಂಟೆಯ ಲೆಕ್ಕದಲ್ಲಿ ಮುಗಿಯುವುದಿಲ್ಲ. ಹಾಸಿಗೆ, ಬಕೆಟು, ಬೀಗ, ಸಮವಸ್ತ್ರ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ, ಪೆಟ್ಟಿಗೆಯ ಮೂಲೆಯಲ್ಲಿ ಅಜ್ಜಿ ಇಟ್ಟ ಜಪಸರ, ಎಲ್ಲವೂ ಸಿದ್ಧವಾಗಿರಬಹುದು. ಬುದ್ಧಿವಾದಗಳೂ ಸಾಕಷ್ಟು ಸಿಕ್ಕಿರಬಹುದು. ಚೆನ್ನಾಗಿ ಓದು, ಕೆಟ್ಟ ಸಹವಾಸ ಬೇಡ, ಪ್ರಾರ್ಥನೆ ಮರೆಯಬೇಡ. ಇವೆಲ್ಲ ಸರಿಯಾದ ಮಾತುಗಳೇ. ಅವುಗಳನ್ನು ನಾನು ಮತ್ತೆ ಹೇಳಬೇಕಾಗಿಲ್ಲ.

ನಾನು ಹೇಳಬೇಕೆಂದಿರುವುದು, ಹೊರಡುವ ಮಗುವಿಗೆ ಸಾಮಾನ್ಯವಾಗಿ ಯಾರೂ ಹೇಳದ ಒಂದು ಮಾತು: ಕೇಳಲು ಕಲಿಯಿರಿ. ಗೊತ್ತಿಲ್ಲದ್ದನ್ನು ಕೇಳಿ, ಬೇಕಾದ ಅನುಮತಿಯನ್ನು ಕೇಳಿ, ಕೈಲಾಗದಾಗ ಸಹಾಯ ಕೇಳಿ. ನಮ್ಮ ಮನೆಗಳಲ್ಲಿ ಏನನ್ನೂ ಕೇಳದ ಮಗುವಿಗೆ ಹೊಗಳಿಕೆ ಹೆಚ್ಚು. "ಪಾಪದ ಹುಡುಗ, ಬಾಯಿ ತೆರೆಯುವುದೇ ಇಲ್ಲ" ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತೇವೆ. ಮನೆಯಲ್ಲಾದರೆ ಅದು ನಡೆಯುತ್ತದೆ, ಏಕೆಂದರೆ ಮಗುವಿನ ಮುಖ ನೋಡಿಯೇ ತಾಯಿಗೆ ತಿಳಿಯುತ್ತದೆ. ಮುನ್ನೂರು ಮಕ್ಕಳಿರುವ ಹಾಸ್ಟೆಲಿನಲ್ಲಿ ಒಬ್ಬೊಬ್ಬರ ಮುಖವನ್ನು ಯಾರು ನೋಡಬೇಕು? ಅಲ್ಲಿ ಬಾಯಿ ತೆರೆಯದ ಮಗು ಹಸಿದೇ ಮಲಗುತ್ತದೆ. ಬರೇ ಅನ್ನದ ಹಸಿವಿನ ಮಾತಲ್ಲ ಇದು.

ಪವಿತ್ರ ಬೈಬಲಿನಲ್ಲಿ ಒಂದು ವಸತಿ ಶಾಲೆಯ ಕಥೆ ಇದೆ. ದಾನಿಯೇಲನ ಗ್ರಂಥದ ಮೊದಲ ಅಧ್ಯಾಯ, ಒಟ್ಟು 21 ವಚನಗಳು. ಹೊರಡುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕುಳಿತು ಓದಿ. ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಜೆರುಸಲೇಮನ್ನು ಮುತ್ತಿ ಗೆದ್ದು, ಅಲ್ಲಿನ ಒಳ್ಳೆಯ ಮನೆತನದ, ಬುದ್ಧಿವಂತರಾದ ತರುಣರನ್ನು ಆರಿಸಿ ತನ್ನ ಅರಮನೆಗೆ ತರಿಸುತ್ತಾನೆ. ಅವರಿಗೆ ಮೂರು ವರ್ಷಗಳ ಶಿಕ್ಷಣ. ಕಲಿಯಬೇಕಾದದ್ದು ಕಸ್ದೀಯರ ಭಾಷೆ ಮತ್ತು ಸಾಹಿತ್ಯ. ಊಟ ಅರಸನ ಪಂಕ್ತಿಯಿಂದ. ಮೇಲ್ವಿಚಾರಣೆಗೆ ಅಶ್ಪೆನಜನೆಂಬ ಅಧಿಕಾರಿ, ಅವನ ಕೆಳಗೆ ಒಬ್ಬ ಕಾವಲುಗಾರ. ಕೊನೆಗೆ ಅರಸನ ಮುಂದೆಯೇ ಪರೀಕ್ಷೆ. ಆಯ್ಕೆ, ಹಾಸ್ಟೆಲು, ಮೆಸ್ಸು, ವಾರ್ಡನ್ನು, ಕೋರ್ಸು, ಸಂದರ್ಶನ, ಯಾವುದು ಬಿಟ್ಟುಹೋಗಿದೆ ಹೇಳಿ!

ಆ ಮಕ್ಕಳಲ್ಲಿ ನಾಲ್ವರು ಯೆಹೂದ್ಯರು: ದಾನಿಯೇಲ, ಹನನ್ಯ, ಮೀಶಾಯೇಲ, ಅಜರ್ಯ. ಅವರು ಏನನ್ನು ಒಪ್ಪಿಕೊಂಡರು ಎಂಬುದನ್ನು ಮೊದಲು ಗಮನಿಸಿ. ಪರದೇಶದ ಭಾಷೆಯನ್ನು ಕಲಿತರು. ಪರಧರ್ಮದವರ ಗ್ರಂಥಗಳನ್ನು ಓದಿದರು. ಅವರ ಹೆಸರುಗಳನ್ನೇ ಬದಲಾಯಿಸಿದಾಗ, ದಾನಿಯೇಲನಿಗೆ ಅರಸನ ದೇವರ ಹೆಸರು ಸೇರಿದ ಬೇಲ್ತೆಶಚ್ಚರನೆಂಬ ಹೆಸರನ್ನು ಇಟ್ಟಾಗಲೂ, ಅವರು ಜಗಳಕ್ಕೆ ನಿಂತಂತೆ ಕಾಣುವುದಿಲ್ಲ. ಒಂದೇ ಒಂದು ಕಡೆ ದಾನಿಯೇಲ ಗೆರೆ ಎಳೆದ. ತನ್ನ ದೇವರ ನಿಯಮಕ್ಕೆ ವಿರುದ್ಧವಾದ ಊಟವನ್ನು ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲಿ ನಿಶ್ಚಯಿಸಿದ. ಎಲ್ಲದಕ್ಕೂ ಬೇಡ ಎನ್ನುವವನಿಗೆ ಯಾವುದು ಮುಖ್ಯವೆಂದು ತಿಳಿದಿರುವುದಿಲ್ಲ, ಎಲ್ಲದಕ್ಕೂ ಹೂಂ ಎನ್ನುವವನಿಗೂ ತಿಳಿದಿರುವುದಿಲ್ಲ. ದಾನಿಯೇಲನಿಗೆ ತಿಳಿದಿತ್ತು.

ಮುಂದೆ ಅವನೇನು ಮಾಡಿದ? ತಟ್ಟೆ ಎಸೆಯಲಿಲ್ಲ. ಉಣ್ಣುವಂತೆ ನಟಿಸಿ ಹಿತ್ತಿಲಿಗೆ ಚೆಲ್ಲಲಿಲ್ಲ. ನೇರವಾಗಿ ಅಶ್ಪೆನಜನ ಬಳಿಗೆ ಹೋಗಿ ವಿನಯದಿಂದ ಕೇಳಿದ. ಅವನಿಗೆ ದಾನಿಯೇಲನ ಮೇಲೆ ಪ್ರೀತಿಯಿತ್ತು, ಆದರೂ ಒಪ್ಪಲಿಲ್ಲ. ನಿಮ್ಮ ಮುಖ ಉಳಿದ ಹುಡುಗರಿಗಿಂತ ಬಾಡಿದರೆ ಅರಸನ ಮುಂದೆ ನನ್ನ ತಲೆ ಹೋಗುತ್ತದೆ ಎಂಬುದು ಅವನ ಅಂಜಿಕೆ. ಈ ಅಧಿಕಾರಿ ದುಷ್ಟನಲ್ಲ, ಹೆದರಿದವನು. ವಾರ್ಡನ್ನರ "ಆಗುವುದಿಲ್ಲ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಇಂಥದೇ ಅಂಜಿಕೆ ಇರುತ್ತದೆ. ಹೊರಗೆ ಕಳುಹಿಸಿದ ಮಗುವಿಗೆ ದಾರಿಯಲ್ಲಿ ಏನಾದರೂ ಆದರೆ ಉತ್ತರ ಕೊಡಬೇಕಾದವರು ಅವರೇ ತಾನೇ?

ಒಬ್ಬರು ಇಲ್ಲವೆಂದಾಗ ದಾನಿಯೇಲ ಮುಖ ಊದಿಸಿಕೊಂಡು ಕೋಣೆ ಸೇರಲಿಲ್ಲ. ಕಾವಲುಗಾರನ ಬಳಿಗೆ ಹೋಗಿ, ಬರೇ ಹತ್ತು ದಿನ ನಮಗೆ ಕಾಯಿಪಲ್ಯ ಮತ್ತು ನೀರು ಕೊಟ್ಟು ನೋಡಿ, ಆಮೇಲೆ ನಮ್ಮ ಮುಖವನ್ನೂ ಉಳಿದವರ ಮುಖವನ್ನೂ ಹೋಲಿಸಿ ನೀವೇ ತೀರ್ಮಾನಿಸಿ ಎಂದ. ಎಂಥ ಜಾಣ್ಮೆಯ ಬೇಡಿಕೆ! ತನ್ನ ಹಕ್ಕನ್ನು ಮುಂದೆ ಮಾಡದೆ ಎದುರಿನವನ ಭಯವನ್ನು ಇಳಿಸಿದ. ಅವಧಿ ಚಿಕ್ಕದು, ತೀರ್ಪು ಕೊಡುವವರು ಅವರೇ. ಹತ್ತು ದಿನ ಕಳೆದಾಗ ಈ ನಾಲ್ವರೇ ಹೆಚ್ಚು ಕಳೆಕಳೆಯಾಗಿದ್ದರು. ಮೂರು ವರ್ಷ ಕಳೆದಾಗ ಅರಸ ಕೇಳಿದ ಪ್ರಶ್ನೆಗಳಿಗೆಲ್ಲ ಅವರಷ್ಟು ಚೆನ್ನಾಗಿ ಉತ್ತರಿಸಿದವರು ಇಡೀ ರಾಜ್ಯದಲ್ಲಿರಲಿಲ್ಲ. (ಕೆಲವು ಹಾಸ್ಟೆಲುಗಳಲ್ಲಿ ಸಸ್ಯಾಹಾರ ಮಾತ್ರ. ಮೀನಿಲ್ಲದೆ ಅನ್ನ ಇಳಿಯದ ನಮ್ಮ ಮಕ್ಕಳಿಗೆ ದಾನಿಯೇಲನ ಈ ಭಾಗ ರುಚಿಸಲಿಕ್ಕಿಲ್ಲ. ಹತ್ತು ದಿನ ಪ್ರಯತ್ನಿಸಿ ನೋಡಿ.)

ಈ ಗ್ರಂಥ ಈಗಿನ ರೂಪಕ್ಕೆ ಬಂದದ್ದು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಎಂಬುದು ಬಹುಪಾಲು ಬೈಬಲ್ ವಿದ್ವಾಂಸರ ಅಭಿಪ್ರಾಯ. ಆಗ ಜೆರುಸಲೇಮಿನಲ್ಲೇ ಗ್ರೀಕ್ ಮಾದರಿಯ ವ್ಯಾಯಾಮಶಾಲೆ ಎದ್ದಿತ್ತು. ಒಳ್ಳೊಳ್ಳೆಯ ಮನೆಯ ತರುಣರು ಅಲ್ಲಿ ಸೇರಿ, ತಾವು ಯೆಹೂದ್ಯರೆಂದು ಹೇಳಿಕೊಳ್ಳಲು ನಾಚುತ್ತಿದ್ದರೆಂದು ಮಕ್ಕಬಿಯರ ಗ್ರಂಥಗಳಿಂದ ತಿಳಿಯುತ್ತದೆ. ಅಂಥ ಮಕ್ಕಳಿಗೆ ಧೈರ್ಯ ತುಂಬಲು ದಾನಿಯೇಲನ ಕಥೆಯನ್ನು ಹೇಳಲಾಯಿತು. ಹಾಗಾಗಿ ಇದು ಸಿಂಹದ ಗುಹೆಯ ವೀರನ ಕಥೆ ಆಗುವುದಕ್ಕಿಂತ ಮೊದಲೇ ಹಾಸ್ಟೆಲ್ ಮಕ್ಕಳ ಕಥೆ.

ಇಲ್ಲಿ ಹೆತ್ತವರ ಒಂದು ಚಿಂತೆಗೆ ಉತ್ತರ ಹೇಳಬೇಕು. "ಫಾದರ್, ಅನ್ಯಧರ್ಮೀಯರು ನಡೆಸುವ ಸಂಸ್ಥೆಯಲ್ಲಿ ನಮ್ಮ ಮಗುವಿನ ವಿಶ್ವಾಸ ಉಳಿದೀತೇ?" ನಮ್ಮ ಈ ಮೂರು ತಾಲೂಕುಗಳಲ್ಲಿ ಮಕ್ಕಳನ್ನು ಇಟ್ಟುಕೊಂಡು ಓದಿಸುವ ಪರಂಪರೆ ಹೊಸದಲ್ಲ. ಉಜಿರೆಯ ಸಿದ್ಧವನ ಗುರುಕುಲ ಆರಂಭವಾದದ್ದು 1940ರಲ್ಲಿ. ಇನ್ನೂ ಹಿಂದಕ್ಕೆ ಹೋಗೋಣ. 1784ರಲ್ಲಿ ಟಿಪ್ಪು ಸುಲ್ತಾನ ನಮ್ಮ ಪೂರ್ವಜರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಕರಾವಳಿಯ ನಮ್ಮ ದೇವಾಲಯಗಳು ನೆಲಸಮವಾದವು. ಮೂಡುಬಿದಿರೆ ಸಮೀಪದ ಹೊಸ್ಪೆಟ್ಟಿನ ಪವಿತ್ರ ಶಿಲುಬೆಯ ದೇವಾಲಯ ಉಳಿಯಿತು. ಉಳಿಸಿದವರು ಯಾರು? ಮೂಡುಬಿದಿರೆಯ ಜೈನ ಅರಸರಾದ ಚೌಟರು. ಸಾವಿರ ಕಂಬದ ಬಸದಿಯ ಊರಿಗೆ ಓದಲು ಹೋಗುವ ಕಥೊಲಿಕ ಮಗು ಈ ಋಣವನ್ನು ತಿಳಿದಿರಬೇಕು. ಇನ್ನು ಸೆರೆಯಲ್ಲಿದ್ದವರು? 1799ರವರೆಗೆ, ಹದಿನೈದು ವರ್ಷ, ಊರ ಚರ್ಚಿನ ಗಂಟೆಯಿಲ್ಲದೆ, ಹಬ್ಬವಿಲ್ಲದೆ ಕಳೆದರೂ ಮರಳಿ ಬಂದವರು ಕ್ರೈಸ್ತರಾಗಿಯೇ ಬಂದರು. ಬಾಯಿಪಾಠವಾಗಿದ್ದ ಪ್ರಾರ್ಥನೆ ಅವರೊಂದಿಗಿತ್ತು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿತು. ಕಾಲೇಜಿನ ಪ್ರಾರ್ಥನೆಯ ವೇಳೆ ಗೌರವದಿಂದ ನಿಲ್ಲಿ. ನಿಮ್ಮ ಮನಸ್ಸಾಕ್ಷಿ ಒಪ್ಪದ ಆಚರಣೆಯೊಂದು ಎದುರಾದರೆ ದಾನಿಯೇಲನಂತೆ ಮೆಲ್ಲಗೆ ಕೇಳಿಕೊಳ್ಳಿ. ವಿಶ್ವಾಸ ಕಳೆದುಹೋಗುವುದು ಪಕ್ಕದವನ ದೇವರಿಂದಲ್ಲ, ನಮ್ಮದೇ ಸೋಮಾರಿತನದಿಂದ.

ಅದಕ್ಕೇ ಭಾನುವಾರದ ಬಲಿಪೂಜೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ನಿಮ್ಮನ್ನು ಅಮ್ಮ ಎಬ್ಬಿಸುತ್ತಿದ್ದರು. ಹಾಸ್ಟೆಲಿನಲ್ಲಿ ಪೂಜೆಗೆಂದು ಎಬ್ಬಿಸುವವರಿಲ್ಲ. ಭಾನುವಾರ ಬೆಳಿಗ್ಗೆ ಪರೀಕ್ಷೆ ಇಡುವ ಸಂಸ್ಥೆಗಳೂ ಇವೆ. ಮೊದಲ ವಾರ "ಹೊಸಬ, ಹೇಗೆ ಕೇಳಲಿ?" ಎಂದು ಸುಮ್ಮನಾಗುತ್ತೀರಿ. ಎರಡನೆಯ ವಾರ ಮಳೆ. ಮೂರನೆಯ ವಾರ ಬಟ್ಟೆ ಒಗೆಯುವ ಕೆಲಸ. ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ ಮನೆಗೆ ಬರುವಾಗ ಪೂಜೆ ಬಿಟ್ಟು ಮೂರು ತಿಂಗಳಾಗಿರುತ್ತದೆ, ದೇವರನ್ನು ಬಿಟ್ಟೆನೆಂದು ನಿಮಗೆ ಅನ್ನಿಸಿಯೂ ಇರುವುದಿಲ್ಲ. ಆದುದರಿಂದ ಮೊದಲ ವಾರವೇ ಕೇಳಿ. ಒಬ್ಬರೇ ಹೋಗಿ ಕೇಳುವುದಕ್ಕಿಂತ ಹಾಸ್ಟೆಲಿನ ಕಥೊಲಿಕ ಮಕ್ಕಳೆಲ್ಲ ಕೂಡಿ ಹೋಗಿ, ದಾನಿಯೇಲನೂ ಒಂಟಿಯಾಗಿರಲಿಲ್ಲ. ಯಾವ ಚರ್ಚು, ಎಷ್ಟು ಗಂಟೆಯ ಪೂಜೆ, ಎಷ್ಟಕ್ಕೆ ಮರಳುತ್ತೇವೆ ಎಂಬುದನ್ನು ಬರೆದುಕೊಡಿ. ಮೂಡುಬಿದಿರೆಯಲ್ಲಿ ಕಾರ್ಪಸ್ ಕ್ರಿಸ್ತಿ ಚರ್ಚು, ಅಲಂಗಾರಿನ ಜಪಮಾಲೆ ಮಾತೆಯ ಚರ್ಚು, ಉಜಿರೆಯಲ್ಲಿ ಸಂತ ಅಂತೋನಿಯವರ ಚರ್ಚು, ಬಂಟ್ವಾಳದ ಕಡೆ ಮೊಡಂಕಾಪು ಬಾಲ ಯೇಸುವಿನ ಚರ್ಚು ಇವೆ. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಮರಳಿ ಬನ್ನಿ. ನಾಲ್ಕು ವಾರ ಹಾಗೆ ಮಾಡಿದರೆ ಐದನೆಯ ವಾರ ಅನುಮತಿ ತಾನಾಗಿ ಸುಲಭವಾಗುತ್ತದೆ. ಬಲಿಪೂಜೆಯ ನೆಪದಲ್ಲಿ ಪೇಟೆ ಸುತ್ತಿ ಬಂದರೆ ನಿಮ್ಮ ಒಬ್ಬರದ್ದಲ್ಲ, ಮುಂದಿನ ವರ್ಷ ಬರುವ ಎಲ್ಲ ಮಕ್ಕಳ ಅನುಮತಿಯೂ ಹೋಯಿತು.

ಧರ್ಮಸಭೆಯ ಕಾನೂನು ಇಲ್ಲಿ ನಾವು ತಿಳಿದುಕೊಂಡದ್ದಕ್ಕಿಂತ ಹೆಚ್ಚು ಕರುಣೆಯುಳ್ಳದ್ದು. 1983ರ ಕ್ಯಾನನ್ ಕಾನೂನಿನ 1248ನೆಯ ವಿಧಿಯ ಪ್ರಕಾರ ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರ್ಣವಾಗುತ್ತದೆ. ಗಂಭೀರ ಕಾರಣದಿಂದ ಹೋಗಲು ಸಾಧ್ಯವೇ ಇಲ್ಲದಿದ್ದರೆ ತಕ್ಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ಕಳೆಯಬೇಕೆಂದು ಅದೇ ವಿಧಿ ಶಿಫಾರಸು ಮಾಡುತ್ತದೆ. ಕೇಳಿಯೂ ಅನುಮತಿ ಸಿಗದ ಮಗು ಪಾಪ ಮಾಡಿದೆನೆಂದು ಅಳಬೇಕಾಗಿಲ್ಲ. ಅಂದಿನ ಶುಭಸಂದೇಶವನ್ನು ಓದಿ, ಹದಿನೈದು ನಿಮಿಷ ಮಂಚದ ಮೇಲೆಯೇ ಕುಳಿತು ಪ್ರಾರ್ಥಿಸಲಿ. ಮುಂದಿನ ವಾರ ಮತ್ತೆ ಕೇಳಲಿ.

ತರಗತಿಯಲ್ಲಿ ಕೇಳುವುದು ಇದಕ್ಕಿಂತ ಕಷ್ಟ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿವರೆಗೆ ಮೊದಲ ಸ್ಥಾನದಲ್ಲಿದ್ದವಳು ಪಿಯುಸಿ ವಿಜ್ಞಾನದ ಮೊದಲ ವಾರದಲ್ಲಿ ಮೂಕಿಯಾಗುತ್ತಾಳೆ. ಉಪನ್ಯಾಸಕರ ಇಂಗ್ಲಿಷು ಓಡುತ್ತದೆ, ಪಕ್ಕದವರು ತಲೆಯಾಡಿಸುತ್ತಾರೆ, ತಾನೊಬ್ಬಳೇ ದಡ್ಡಿ ಎಂದು ಅವಳಿಗನ್ನಿಸುತ್ತದೆ. ಮಗಳೇ, ಲೊಯೋಲದ ಸಂತ ಇಗ್ನೇಷಿಯಸರ ಕಥೆ ಕೇಳು. ಯುದ್ಧದಲ್ಲಿ ಕಾಲು ಮುರಿದುಕೊಂಡು ಮನಪರಿವರ್ತನೆ ಹೊಂದಿದ ಆ ಯೋಧ 1524ರಲ್ಲಿ, ಮೂವತ್ತು ದಾಟಿದ ಪ್ರಾಯದಲ್ಲಿ, ಬಾರ್ಸಿಲೋನದಲ್ಲಿ ಸಣ್ಣ ಹುಡುಗರ ಜೊತೆ ಕುಳಿತು ಲತೀನ್ ವ್ಯಾಕರಣವನ್ನು ಮೊದಲಿನಿಂದ ಕಲಿತರು. ವ್ಯಾಕರಣ ಬಾಯಿಪಾಠ ಮಾಡಲು ಕುಳಿತಾಗಲೆಲ್ಲ ಅವರಿಗೆ ಮಧುರವಾದ ಭಕ್ತಿಯ ಆಲೋಚನೆಗಳು ಬರುತ್ತಿದ್ದುವಂತೆ. ಪೂಜೆಯ ಹೊತ್ತಿನಲ್ಲಿ ಬಾರದ ಭಕ್ತಿ ಪಾಠದ ಹೊತ್ತಿನಲ್ಲೇ ಏಕೆ ಬರಬೇಕು? ಇದು ಶೋಧನೆಯೆಂದು ಗುರುತಿಸಿ, ಗುರುಗಳ ಬಳಿ ಹೋಗಿ ಎಲ್ಲವನ್ನೂ ಹೇಳಿ, ಇನ್ನು ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮುಚ್ಚಿ ಒಂಬತ್ತು ದಿನಗಳ ನೊವೇನ ಹಿಡಿಯುವವರು ಈ ಮಾತನ್ನು ಎರಡು ಸಲ ಓದಿರಿ.

ಅವರು ಮುಂದೆ ಪ್ಯಾರಿಸಿಗೆ ಹೋಗಿ, 1529ರಲ್ಲಿ ಸಂತ ಬಾರ್ಬರ ಹೆಸರಿನ ವಸತಿ ಕಾಲೇಜಿಗೆ ಸೇರಿದಾಗ, ಅದೇ ಕೋಣೆಯಲ್ಲಿ ತನಗಿಂತ ಎಷ್ಟೋ ಕಿರಿಯರಾದ ಇಬ್ಬರಿದ್ದರು. ಒಬ್ಬ ಕುರಿ ಕಾಯುತ್ತಿದ್ದ ಬಡ ರೈತರ ಮಗ ಪೀಟರ್ ಫಾಬೆರ್, ಇನ್ನೊಬ್ಬ ಕೋಟೆಮನೆಯ ಕುಲೀನ ಫ್ರಾನ್ಸಿಸ್ ಜೇವಿಯರ್. ತತ್ವಶಾಸ್ತ್ರದ ಪಾಠ ಅರ್ಥವಾಗದೆ ಇಗ್ನೇಷಿಯಸರು ಫಾಬೆರರಿಂದ ಹೇಳಿಸಿಕೊಂಡರು. ಮನಸ್ಸಿನ ಗೊಂದಲ ತಾಳಲಾರದೆ ಫಾಬೆರರು ಇಗ್ನೇಷಿಯಸರಲ್ಲಿ ಹೇಳಿಕೊಂಡರು. ಒಬ್ಬರು ಪಾಠ ಕೇಳಿದರು, ಇನ್ನೊಬ್ಬರು ಸಮಾಧಾನ ಕೇಳಿದರು. ಹೆಚ್ಚು ಸಮಯ ಹಿಡಿದದ್ದು ಜೇವಿಯರರಿಗೆ, ಅವರಿಗೆ ಹೆಸರು ಗಳಿಸುವ ಆಸೆ ಬಹಳ. ಕೊನೆಗೆ 1542ರಲ್ಲಿ ಗೋವಕ್ಕೆ ಬಂದಿಳಿದವರು ಅವರೇ. ಆ ಮೂವರೂ ಇಂದು ಸಂತರು. ಅವರ ಯೇಸುಸಭೆಯ ಗುರುಗಳೇ 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ನಿಮ್ಮ ಕೋಣೆಯ ಜೊತೆಗಾರರನ್ನು ನೀವು ಆರಿಸಿಕೊಳ್ಳುವುದಿಲ್ಲ, ಗೋಡೆಗೆ ಅಂಟಿಸಿದ ಪಟ್ಟಿ ಆರಿಸುತ್ತದೆ. ಆ ಪಟ್ಟಿಯ ಹಿಂದೆ ದೇವರ ಕೈ ಇರಲಾರದೆಂದು ಬೇಗನೆ ತೀರ್ಮಾನಿಸಬೇಡಿ.

ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತರಬಾರದೆಂದು ನಿಯಮವಿದ್ದರೆ ತರಬೇಡಿ. ಬಚ್ಚಿಟ್ಟ ಫೋನಿನೊಂದಿಗೆ ಬಚ್ಚಿಟ್ಟ ಮಾತುಗಳೂ ಬೆಳೆಯುತ್ತವೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ, ಮಕ್ಕಳೇ. ಕಿರುಪರೀಕ್ಷೆಯ ಅಂಕ ಕಡಿಮೆಯಾಗಿ, ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವ ರಾತ್ರಿಯೊಂದು ಕೆಲವರಿಗೆ ಬರಬಹುದು. ಹಾಗೆ ಅನ್ನಿಸಿದರೆ ನೀವು ಕೆಟ್ಟ ಕ್ರೈಸ್ತರಲ್ಲ. ಮಹಾಪ್ರವಾದಿ ಎಲೀಯನಿಗೂ ಅನ್ನಿಸಿತ್ತು. ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ ನೋಡಿ. ಕಾಡಿನಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದ. ದೇವರು ಬೈಯಲಿಲ್ಲ, ಉಪದೇಶವನ್ನೂ ಕೊಡಲಿಲ್ಲ. ಮಲಗಲು ಬಿಟ್ಟರು. ದೂತನನ್ನು ಕಳುಹಿಸಿ ಎಬ್ಬಿಸಿ ಬಿಸಿ ರೊಟ್ಟಿ, ನೀರು ಕೊಟ್ಟರು. ಮತ್ತೆ ಮಲಗಲು ಬಿಟ್ಟರು. ಮತ್ತೊಮ್ಮೆ ಎಬ್ಬಿಸಿ ಉಣ್ಣಿಸಿದರು. ದಾರಿ ಬಹಳ ದೂರವಿದೆಯೆಂದು ದೂತ ಹೇಳಿದ್ದು ಆ ಎರಡನೆಯ ಸಲ ಎಬ್ಬಿಸಿದಾಗ. ನಿದ್ದೆಗೆಟ್ಟು ಓದುವುದನ್ನೇ ಸಾಹಸವೆಂದು ಹೊಗಳುವವರು ಈ ಅಧ್ಯಾಯವನ್ನು ಓದಿಲ್ಲ.

ಎಲೀಯನ ಬಳಿಗೆ ದೂತ ಬಂದ. ನಿಮ್ಮ ಬಳಿಗೆ ಬರುವ ದೂತ ವಾರ್ಡನ್ ಆಗಿರಬಹುದು, ಉಪನ್ಯಾಸಕಿ ಆಗಿರಬಹುದು, ಪಕ್ಕದ ಮಂಚದ ಹುಡುಗನೇ ಆಗಿರಬಹುದು. ಆದರೆ ಅವರಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ, ನೀವೇ ಹೇಳಬೇಕು. ಬಾಲಕ ಸಮುವೇಲ ರಾತ್ರಿ ಎದ್ದು ಎದ್ದು ವೃದ್ಧ ಏಲಿಯ ಬಳಿಗೆ ಮೂರು ಸಲ ಓಡಿದ. ಎರಡು ಸಲ ಏಲಿಗೆ ಅರ್ಥವಾಗದೆ, ಹೋಗಿ ಮಲಗು ಮಗು ಎಂದ. ಅರ್ಥವಾದದ್ದು ಮೂರನೆಯ ಸಲ. ನಿಮ್ಮ ಮಾತನ್ನು ಮೊದಲು ಕೇಳಿದವರು ಹಗುರವಾಗಿ ತೆಗೆದುಕೊಂಡರೆ ಇನ್ನೊಬ್ಬರ ಬಳಿ ಹೋಗಿ, ಮತ್ತೂ ಒಬ್ಬರ ಬಳಿ ಹೋಗಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿದೆ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ನಿಮ್ಮನ್ನು ಪೀಡಿಸಿದರೆ, ಮೈಮುಟ್ಟಿ ಅಸಭ್ಯವಾಗಿ ನಡೆದುಕೊಂಡರೆ, ಅವರು ಹಿರಿಯ ವಿದ್ಯಾರ್ಥಿಯಾಗಲಿ, ಸಿಬ್ಬಂದಿಯಾಗಲಿ, ಧರ್ಮಗುರುವೇ ಆಗಲಿ, ಅದನ್ನು ಮುಚ್ಚಿಡುವುದು ಕ್ಷಮೆಯಲ್ಲ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಪ್ರಾರ್ಥನೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಹೆತ್ತವರೇ, ಮಗು ಕೇಳಬೇಕಾದರೆ ನೀವು ಕೇಳಿಸಿಕೊಳ್ಳುವವರಾಗಿರಬೇಕು. ಹನ್ನಳು ಮಗನಿಗೆ ಸಮುವೇಲನೆಂದು ಹೆಸರಿಟ್ಟದ್ದು ದೇವರನ್ನು ಕೇಳಿ ಪಡೆದ ಮಗನೆಂಬ ಕಾರಣಕ್ಕೆ. ಅವನನ್ನು ಶಿಲೋವಿನ ದೇವಾಲಯದಲ್ಲಿ ಬಿಟ್ಟ ಮೇಲೆ ಆಕೆ ವರ್ಷಕ್ಕೊಮ್ಮೆ ಒಂದು ಪುಟ್ಟ ಅಂಗಿಯನ್ನು ಹೊಲಿದು ಒಯ್ಯುತ್ತಿದ್ದಳು. ಕಣ್ಣೆದುರಿಲ್ಲದ ಮಗನ ಅಳತೆ ಆಕೆಗೆ ಹೇಗೆ ಗೊತ್ತಾಗುತ್ತಿತ್ತು? ವರ್ಷವಿಡೀ ಅವನೆಷ್ಟು ಬೆಳೆದಿರಬಹುದೆಂದು ಯೋಚಿಸುತ್ತಲೇ ಇದ್ದಿರಬೇಕು. ನಾವು ಭೇಟಿಯ ಭಾನುವಾರ ಹೋಗಿ ಮೊದಲು ಕೇಳುವುದೇನನ್ನು? "ಟೆಸ್ಟಿನಲ್ಲಿ ಎಷ್ಟು ಬಂತು?" ಆ ಒಂದು ಪ್ರಶ್ನೆಯಿಂದ, ಮಗು ಹೇಳಬೇಕೆಂದುಕೊಂಡಿದ್ದ ಹತ್ತು ಮಾತುಗಳು ಒಳಗೇ ಉಳಿಯುತ್ತವೆ. ಮೊದಲು ನಿದ್ದೆಯ ಬಗ್ಗೆ ಕೇಳಿ, ಗೆಳೆಯರ ಬಗ್ಗೆ ಕೇಳಿ, ಆಮೇಲೆ ಸುಮ್ಮನೆ ಕುಳಿತಿರಿ.

ಇನ್ನೊಂದು ಮಾತು ಕಠಿಣವೆನಿಸಿದರೂ ಹೇಳಲೇಬೇಕು. "ಸಾಲ ಮಾಡಿ ಓದಿಸುತ್ತಿದ್ದೇವೆ, ನೆನಪಿರಲಿ" ಎಂದು ಮಗುವಿಗೆ ಪದೇ ಪದೇ ಹೇಳಬೇಡಿ. ಅದು ಸತ್ಯವಿರಬಹುದು, ಆದರೆ ಆ ಸತ್ಯವನ್ನು ಹೊತ್ತ ಮಗು "ಅಪ್ಪಾ, ನನಗೆ ಈ ವಿಷಯ ಹಿಡಿಸುತ್ತಿಲ್ಲ" ಎಂದು ಹೇಳಲು ಎಂದಿಗೂ ಬಾಯಿ ತೆರೆಯುವುದಿಲ್ಲ. 2024ರಲ್ಲಿ ನೀಟ್ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಸೀಟು ಸಿಗದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಯಾರದೋ ಮನೆಯ ಮಕ್ಕಳೇ. ದೇವರು ಅವರಿಗೂ ಒಂದೊಂದು ಕೆಲಸವನ್ನು ಇಟ್ಟಿದ್ದಾರೆ. ಮಧ್ಯದಲ್ಲಿ ವಿಷಯ ಬದಲಾಯಿಸಿದರೆ ಒಂದು ವರ್ಷ ಹೋಗಬಹುದು. ಹೋಗಲಿ.

ನಮ್ಮ ಕೊಂಕಣಿ ಮನೆಗಳಲ್ಲಿ ರಾತ್ರಿ ಜಪಸರವಾದ ಮೇಲೆ ಮಕ್ಕಳು ಹಿರಿಯರಿಂದ ಬೆಸಾಂವ್ ಬೇಡುವುದುಂಟು. ಬೆಳ್ತಂಗಡಿಯ ಕಡೆಯ ಮಲಯಾಳಿ ಕುಟುಂಬಗಳಲ್ಲಿ ಸಂಜೆಯ ಪ್ರಾರ್ಥನೆಯ ನಂತರ ಹಿರಿಯರಿಗೆ ಸ್ತುತಿ ಹೇಳುತ್ತಾರೆ. ವಾರಕ್ಕೊಮ್ಮೆ ಮನೆಗೆ ಫೋನು ಮಾಡುವ ಐದು ನಿಮಿಷದಲ್ಲೂ ಇದನ್ನು ಬಿಡಬೇಡಿ. ಆಶೀರ್ವಾದ ಬೇಡುವಾಗ ದನಿ ನಡುಗಿದರೆ ಆಚೆಯ ತುದಿಯಲ್ಲಿರುವ ಅಮ್ಮನಿಗೆ ತಿಳಿದೇ ತಿಳಿಯುತ್ತದೆ.

ಹೊರಡುವ ಮುನ್ನ ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ. ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಹೋಗಿ, ಈ ಮಗು ಕಥೊಲಿಕ ವಿಶ್ವಾಸಿ, ಭಾನುವಾರದ ಪೂಜೆಗೆ ಅವಕಾಶ ಮಾಡಿಕೊಡಬೇಕು ಎಂದು ಪ್ರಾಂಶುಪಾಲರಿಗೆ ಒಂದು ಪತ್ರವನ್ನು ಕೇಳಿ ಪಡೆಯಿರಿ. ಚರ್ಚಿನ ಮುದ್ರೆ ಇರಲಿ. ಕಾಲೇಜಿನ ಹತ್ತಿರದ ಚರ್ಚಿನ ಗುರುಗಳಿಗೂ ಒಂದು ಚೀಟಿ ಬರೆಸಿಕೊಳ್ಳಿ, ಹೊಸ ಊರಿನಲ್ಲಿ ನಿಮ್ಮ ಹೆಸರು ಬಲ್ಲವರು ಒಬ್ಬರಾದರೂ ಇರುತ್ತಾರೆ. ಪ್ರಾಂಶುಪಾಲರಿಗೆ ಬರೆದ ಪತ್ರವನ್ನು ಸೇರುವ ದಿನವೇ ಹೆತ್ತವರ ಎದುರಿನಲ್ಲಿ ಕೊಡಿ. ಎರಡು ತಿಂಗಳು ಪೆಟ್ಟಿಗೆಯಲ್ಲಿಟ್ಟು ಆಮೇಲೆ ಕೊಟ್ಟರೆ ಅದು ನೆಪದಂತೆ ಕಾಣುತ್ತದೆ.